ಕೇಳದೆ ಕೊಟ್ಟ ಅಪ್ಪಣೆ

ಮಾವ: ಈ ಸಲ ಊರಿಗೆ ಬಂದವನು ಹೊರಡುವುದರೊಳಗೆ ನನಗೊಂದು ಉಪಕಾರ ಮಾಡಿಕೊಡಬೇಕಪ್ಪ. ದೇವಸ್ಥಾನದ ಸಮಿತಿಯ ಲೆಕ್ಕ ಬರೆಯೋಣವೆಂದು ಬೆಳಗ್ಗೆ ಈ ಕಂಪ್ಯೂಟರಿನ ಮುಂದೆ ಕುಳಿತರೆ, ಲೆಕ್ಕದ ಪುಟ ತೆರೆಯುವುದಕ್ಕೆ ಮುಂಚೆಯೇ ಪರದೆಯೆಲ್ಲ ಮಬ್ಬಾಗಿ, ನಡುವೆ ಹಳದಿ ಪಟ್ಟಿಯ ಒಂದು ಚೌಕ ಎದ್ದು ನಿಂತು, ಈ ತಂತ್ರಾಂಶಕ್ಕೆ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಅನುಮತಿ ಕೊಡುವಿರಾ ಎಂದು ಕೇಳುತ್ತದೆ. ಕೊಟ್ಟೆನೆಂದು ಒತ್ತಿ ಮುಂದುವರಿದರೆ ಪ್ರಿಂಟರಿನವರದೊಂದು ಚೌಕ ಅದೇ ಪ್ರಶ್ನೆಯನ್ನು ಹೊತ್ತು ಬರುತ್ತದೆ. ಅದನ್ನೂ ದಾಟಿದ ಮೇಲೆ ಬಲಗಡೆಯ ಮೂಲೆಯಿಂದ ಇನ್ನೇನೇನೋ ಎಚ್ಚರಿಕೆಗಳು ಒಂದರ ಹಿಂದೊಂದು ಇಣುಕತೊಡಗುತ್ತವೆ. ಯಂತ್ರ ನನ್ನದು, ಅದನ್ನು ಕೊಂಡ ಹಣ ನನ್ನದು, ಬರೆಯತಕ್ಕ ಲೆಕ್ಕವೂ ನನ್ನ ಹೊಣೆಯದು. ಹೀಗಿರುವಾಗ ಹೆಜ್ಜೆಹೆಜ್ಜೆಗೂ ನನ್ನನ್ನೇ ತಡೆದು ಪ್ರಶ್ನಿಸುವುದರ ಔಚಿತ್ಯವೇನೆಂದು ನನಗೆ ತಿಳಿಯದಾಗಿದೆ. ಇವೆಲ್ಲವನ್ನೂ ಒಂದೇ ಸಲಕ್ಕೆ ನಿಲ್ಲಿಸಿಬಿಡುವ ಮಾರ್ಗವೊಂದಿದೆಯೆಂದು ಕೇಳಿದ್ದೇನೆ. ಅದನ್ನು ಮಾಡಿಕೊಟ್ಟು ಹೋಗು.

ಅಳಿಯ: ಮಾರ್ಗವೇನೋ ಇದೆ, ಮಾವ, ಕಷ್ಟದ್ದೂ ಅಲ್ಲ. ಯೂಸರ್ ಅಕೌಂಟ್ ಕಂಟ್ರೋಲ್ ಎಂಬ ಕಿಟಕಿಯನ್ನು ತೆರೆದರೆ ಅಲ್ಲಿ ಮೇಲಿನಿಂದ ಕೆಳಕ್ಕೆ ಜಾರಿಸುವ ಒಂದು ಗುಂಡಿಯೂ, ಅದು ನಿಲ್ಲಬಹುದಾದ ನಾಲ್ಕು ಹಂತಗಳೂ ಕಾಣುತ್ತವೆ. ಗುಂಡಿಯನ್ನು ತೀರ ಕೆಳಕ್ಕೆ ಎಳೆದರೆ ನಿಮ್ಮನ್ನು ಇನ್ನು ಮೇಲೆ ಯಾರೂ ಏನನ್ನೂ ಕೇಳುವುದಿಲ್ಲ. ಆದರೆ ಹಾಗೆ ಎಳೆದಾಗ ಒಳಗೆ ನಡೆಯುವುದೇನೆಂಬುದನ್ನು ಕೇಳಿದ ಮೇಲೆ ನೀವೇ ತೀರ್ಮಾನಿಸಿ. ಆಮೇಲೂ ಬೇಕೆಂದರೆ ಈ ಕ್ಷಣವೇ ಮಾಡುತ್ತೇನೆ.

ಮಾವ: ನಡೆಯುವುದಾದರೂ ಏನು? ಪ್ರಶ್ನೆ ನಿಲ್ಲುತ್ತದೆ, ಅಷ್ಟೇ ತಾನೆ?

ಅಳಿಯ: ಅಲ್ಲವೇ ಅಲ್ಲ. ಎಲ್ಲರೂ ಹಾಗೆಂದೇ ಭಾವಿಸಿದ್ದಾರೆ. ವಿಂಡೋಸ್ 8 ಬಂದ ಮೇಲೆ, ಅಂದರೆ 2012ರಿಂದ ಈಚೆಗೆ, ಆ ಗುಂಡಿಯನ್ನು ತಳಕ್ಕೆ ಎಳೆದರೂ ಅಪ್ಪಣೆ ಬೇಡುವ ವ್ಯವಸ್ಥೆ ಒಳಗೆ ಯಥಾಪ್ರಕಾರ ನಡೆದೇ ಇರುತ್ತದೆ. ಲೆಕ್ಕದ ತಂತ್ರಾಂಶವಾಗಲಿ, ಪ್ರಿಂಟರಿನದಾಗಲಿ, ಎಲ್ಲಿಂದಲೋ ನುಸುಳಿ ಬಂದ ದುಷ್ಟ ತಂತ್ರಾಂಶವಾಗಲಿ, ಯಂತ್ರದ ಮೇಲೆ ಪೂರ್ಣಾಧಿಕಾರ ಬೇಕೆಂದು ಎಂದಿನಂತೆಯೇ ವಿಂಡೋಸನ್ನು ಕೇಳುತ್ತದೆ. ವ್ಯತ್ಯಾಸವಿಷ್ಟೇ, ಆ ಬೇಡಿಕೆಯನ್ನು ನಿಮ್ಮ ಮುಂದೆ ತರುವುದಕ್ಕೆ ಬದಲು ವಿಂಡೋಸು ನಿಮ್ಮ ಹೆಸರಿನಲ್ಲಿ ತಾನೇ ಒಪ್ಪಿಗೆ ಕೊಟ್ಟು ಕಳುಹಿಸುತ್ತದೆ. ಆಗ ನಿಂತದ್ದು ಪ್ರಶ್ನೆಯಲ್ಲ. ಪ್ರಶ್ನೆ ನಿಮಗೆ ತಲುಪುವುದು ಮಾತ್ರ ನಿಂತಿತು. ಉತ್ತರವಾದರೋ, ಕೇಳಿದವರು ಯಾರೇ ಆಗಲಿ, ಆಗಬಹುದೆಂಬುದೊಂದೇ.

ಮಾವ: ಹಾಗಾದರೆ ಅದು ಸಹಿ ಮಾಡಿದ ಖಾಲಿ ಚೆಕ್ಕಿನ ಪುಸ್ತಕವನ್ನು ಕೌಂಟರಿನ ಮೇಲೆ ಬಿಟ್ಟು ಬಂದಂತಾಯಿತು. ಬ್ಯಾಂಕಿನಲ್ಲಿ ಸೇವೆಯನ್ನೆಲ್ಲ ಕಳೆದವನಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಆದರೂ ನನ್ನ ಆಕ್ಷೇಪ ಇದರಿಂದ ತೀರಲಿಲ್ಲ. ನಾನು ಆಡಳಿತಾಧಿಕಾರಿಯ ಖಾತೆಯಲ್ಲೇ ಒಳಗೆ ಬಂದಿದ್ದೇನೆ, ಗುಪ್ತಪದ ಕೊಟ್ಟಿದ್ದೇನೆ. ನಾನು ನಾನೇ ಎಂದು ಒಮ್ಮೆ ಸಿದ್ಧವಾದ ಮೇಲೆ ಮತ್ತೆ ಕೇಳುವುದೇತಕ್ಕೆ?

ಅಳಿಯ: ಅದು ಕೇಳುವುದು ನಿಮ್ಮನ್ನು ಕುರಿತಲ್ಲ, ಮಾವ, ನಿಮ್ಮ ಹೆಸರಿನಲ್ಲಿ ಓಡಾಡುವವರನ್ನು ಕುರಿತು. ನೀವು ಒಳಗೆ ಬಂದ ಮೇಲೆ ಈ ಯಂತ್ರದಲ್ಲಿ ತೆರೆಯುವ ಪ್ರತಿಯೊಂದು ತಂತ್ರಾಂಶವೂ ನಿಮ್ಮ ಅಧಿಕಾರವನ್ನೇ ಧರಿಸಿ ಕೆಲಸ ಮಾಡುತ್ತದೆ. ಯಾವುದನ್ನು ನೀವು ಇಚ್ಛಿಸಿ ತೆರೆದಿರಿ, ಯಾವುದು ಇ-ಮೇಲಿನ ಲಗತ್ತಿನೊಳಗೆ ಅಡಗಿ ಬಂದು ತಾನಾಗಿ ತೆರೆದುಕೊಂಡಿತು ಎಂಬುದನ್ನು ತಿಳಿಯುವ ಶಕ್ತಿ ಯಂತ್ರಕ್ಕೆ ಇಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಮನೆಯ ಕಂಪ್ಯೂಟರು ಬಳಸುತ್ತಿದ್ದವರು ಬಹುಮಟ್ಟಿಗೆ ಎಲ್ಲರೂ ಪೂರ್ಣಾಧಿಕಾರದ ಖಾತೆಯಲ್ಲೇ ದಿನನಿತ್ಯದ ಕೆಲಸವನ್ನೂ ಮಾಡುತ್ತಿದ್ದುದರಿಂದ, ಒಳಹೊಕ್ಕ ದುಷ್ಟ ತಂತ್ರಾಂಶಕ್ಕೂ ಮನೆಯೊಡೆಯನಷ್ಟೇ ಅಧಿಕಾರ ದೊರೆಯುತ್ತಿತ್ತು. ಅದನ್ನು ತಿದ್ದಲೆಂದು 2007ರ ಜನವರಿಯಲ್ಲಿ ಸಾಮಾನ್ಯ ಗ್ರಾಹಕರ ಕೈಸೇರಿದ ವಿಂಡೋಸ್ ವಿಸ್ಟಾದಲ್ಲಿ ಈ ಹೊಸ ಏರ್ಪಾಡನ್ನು ತಂದರು. ಆಡಳಿತಾಧಿಕಾರಿಯಾಗಿ ಒಳಗೆ ಬಂದರೂ ಯಂತ್ರವು ನಿಮಗೆ ಎರಡು ಅಧಿಕಾರಪತ್ರಗಳನ್ನು ಸಿದ್ಧಮಾಡಿ, ಸಾಮಾನ್ಯದ್ದೊಂದನ್ನು ಎಲ್ಲ ಕೆಲಸಕ್ಕೂ ಬಳಸುತ್ತ, ಪೂರ್ಣಾಧಿಕಾರದ್ದನ್ನು ಬೇರೆಯಾಗಿ ಇಟ್ಟುಕೊಂಡು, ಅದು ಬೇಕಾದಾಗ ಮಾತ್ರ ನಿಮ್ಮನ್ನು ಕೇಳುತ್ತದೆ. ಪರದೆ ಮಬ್ಬಾಗುತ್ತದೆ ಎಂದಿರಲ್ಲ, ಅದು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಆ ಕ್ಷಣದಲ್ಲಿ ಉಳಿದ ತಂತ್ರಾಂಶಗಳೆಲ್ಲ ಹಿಂದಿನ ಪರದೆಯಲ್ಲಿಯೇ ಉಳಿದು, ಚೌಕ ಮಾತ್ರ ಬೇರೊಂದು ರಕ್ಷಿತ ಪರದೆಯ ಮೇಲೆ ನಿಂತಿರುತ್ತದೆ. ಒಪ್ಪಿಗೆಯ ಗುಂಡಿಯನ್ನು ಮನುಷ್ಯನ ಕೈಯೇ ಒತ್ತಬೇಕು, ಇನ್ನೊಂದು ತಂತ್ರಾಂಶ ನಿಮ್ಮ ಪರವಾಗಿ ಒತ್ತಿಬಿಡಬಾರದು ಎಂಬುದು ಅದರ ಉದ್ದೇಶ.

ಮಾವ: ಒಂದು ತಂತ್ರಾಂಶ ಇನ್ನೊಂದರ ಗುಂಡಿಯನ್ನು ಒತ್ತಿಬಿಡುವುದೂ ಉಂಟೆ?

ಅಳಿಯ: ಧಾರಾಳವಾಗಿ ಉಂಟು. 2009ರ ಆದಿಯಲ್ಲಿ ವಿಂಡೋಸ್ 7ರ ಪರೀಕ್ಷಾ ಆವೃತ್ತಿ ಹೊರಬಂದಿದ್ದಾಗ ನಡೆದದ್ದು ನೋಡಿ. ಕಿರಿಕಿರಿ ಕಡಿಮೆಯಾಗಲೆಂದು, ವಿಂಡೋಸಿನ ಸ್ವಂತ ವ್ಯವಸ್ಥೆಗಳನ್ನು ಬದಲಾಯಿಸುವಾಗ ಪ್ರಶ್ನೆ ಕೇಳಕೂಡದೆಂದು ಅದರಲ್ಲಿ ಏರ್ಪಡಿಸಿದ್ದರು. ಈಗ ನೀವು ಎಳೆಯಬೇಕೆನ್ನುತ್ತಿರುವ ಗುಂಡಿಯೂ ವಿಂಡೋಸಿನ ಸ್ವಂತ ವ್ಯವಸ್ಥೆಗಳಲ್ಲಿ ಒಂದಾದ್ದರಿಂದ, ಕೀಲಿಮಣೆಯನ್ನು ಒತ್ತಿದಂತೆ ನಟಿಸುವ ಒಂದು ಚಿಕ್ಕ ತಂತ್ರಾಂಶ ಆ ಗುಂಡಿಯನ್ನು ಸದ್ದಿಲ್ಲದೆ ಕೆಳಕ್ಕೆ ಎಳೆದುಬಿಡಬಹುದೆಂದು ಹೊರಗಿನ ಇಬ್ಬರು ಮಾಡಿ ತೋರಿಸಿದರು. ಆಮೇಲೆ ಮೈಕ್ರೋಸಾಫ್ಟು ಅದನ್ನು ತಿದ್ದಿ, ಆ ಗುಂಡಿಯ ಬದಲಾವಣೆಗೂ ಒಪ್ಪಿಗೆ ಬೇಕೆಂದು ವಿಧಿಸಿತು. ದುಷ್ಟ ತಂತ್ರಾಂಶ ಎಲ್ಲಕ್ಕಿಂತ ಮೊದಲು ಮಾಡಲೆಳಸುವ ಕೆಲಸವನ್ನೇ ನೀವು ಈಗ ನನ್ನಿಂದ ಮಾಡಿಸಬೇಕೆಂದಿದ್ದೀರಿ. ಇದನ್ನು ಹೇಳಿದ್ದಕ್ಕೆ ಬೇಸರಿಸಬೇಡಿ.

ಮಾವ: ಬೇಸರವಿಲ್ಲ. ಆದರೆ ನನ್ನ ಕಡೆಯ ವಾದವನ್ನೂ ಪೂರ್ತಿ ಕೇಳು. ನಾನು ಆ ಚೌಕವನ್ನು ಈಗ ಓದುವುದೇ ಇಲ್ಲ. ಅದು ಮೂಡುವುದಕ್ಕೂ ನನ್ನ ಬೆರಳು ಒಪ್ಪಿಗೆಯನ್ನು ಒತ್ತುವುದಕ್ಕೂ ನಡುವೆ ಯೋಚನೆ ಎಂಬುದಕ್ಕೆ ಅವಕಾಶವೇ ಉಳಿದಿಲ್ಲ. ನಾಳೆ ಕೇಡಿಗನೊಬ್ಬ ನಿಜವಾಗಿ ಬಂದು ಕೇಳಿದರೂ ನಾನು ಹೀಗೆಯೇ ಒತ್ತುವೆನೆಂಬುದರಲ್ಲಿ ಸಂದೇಹವಿಲ್ಲ. ಓದದೆ ಕೊಡುವ ಒಪ್ಪಿಗೆಗೂ ಕೇಳದೆ ಕೊಡುವ ಒಪ್ಪಿಗೆಗೂ ಫಲದಲ್ಲಿ ಭೇದವೇನು? ಭೇದ ಒಂದೇ ತೋರುತ್ತದೆ: ಮೊದಲನೆಯದರಲ್ಲಿ ಅಪರಾಧ ನನ್ನದಾಗುತ್ತದೆ. ನಾವು ಕೇಳಿದ್ದೆವು, ಅವರು ಒಪ್ಪಿದ್ದರು ಎಂದು ತಯಾರಕರು ಕೈತೊಳೆದುಕೊಳ್ಳುತ್ತಾರೆ. ವಿವೇಚಿಸತಕ್ಕ ಭಾರವನ್ನು ಬಲ್ಲವರು ಹೊರದೆ ಅರಿಯದವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಅಳಿಯ: ಈ ವಾದಕ್ಕೆ ನಾನು ತಲೆಬಾಗುತ್ತೇನೆ. ಕಂಪ್ಯೂಟರ್ ರಕ್ಷಣೆಯ ಶಾಸ್ತ್ರವನ್ನು ಕಟ್ಟಿದವರು ಇದನ್ನು ಮೊದಲೇ ಕಂಡಿದ್ದರು. 1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಮಾಹಿತಿಯ ರಕ್ಷಣೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಎಂಟು ಮೂಲತತ್ತ್ವಗಳನ್ನು ನಿರೂಪಿಸಿದರು. ಯಾವ ಕೆಲಸಕ್ಕೂ ಅದಕ್ಕೆ ತಕ್ಕಷ್ಟೇ ಅಧಿಕಾರ ಸಲ್ಲಬೇಕೆಂಬುದೂ, ಸ್ಪಷ್ಟವಾಗಿ ಅನುಮತಿ ಕೊಡದಿದ್ದಲ್ಲಿ ನಿರಾಕರಣೆಯೇ ನಿಯಮವಾಗಿರಬೇಕೆಂಬುದೂ ಅವುಗಳಲ್ಲಿ ಸೇರಿವೆ. ಅವುಗಳ ಜೊತೆಗೇ, ರಕ್ಷಣೆಯ ಏರ್ಪಾಡು ಮನುಷ್ಯನ ಮನಸ್ಸಿಗೆ ಒಗ್ಗುವಂಥದಾಗಿರಬೇಕೆಂಬ ತತ್ತ್ವವನ್ನೂ ಅವರು ಸೇರಿಸಿದರು. ನೀವು ಹೇಳಿದ ಬೆರಳಿನ ಅಭ್ಯಾಸವೂ ಪರೀಕ್ಷೆಯಿಂದ ಸಿದ್ಧವಾದದ್ದೇ. ಅಮೆರಿಕದ ಬ್ರಿಗ್ಹ್ಯಾಮ್ ಯಂಗ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಎಚ್ಚರಿಕೆಯನ್ನು ಎರಡನೆಯ ಸಲ ಕಂಡಾಗಲೇ ಮಿದುಳಿನಲ್ಲಿ ದೃಶ್ಯವನ್ನು ಗ್ರಹಿಸುವ ಭಾಗಗಳ ಚಟುವಟಿಕೆ ಬಹಳವಾಗಿ ಕುಗ್ಗುವುದು ಕಂಡುಬಂದಿತು. ಇದು ಸೋಮಾರಿತನವಲ್ಲ, ಕಣ್ಣಿನ ಸ್ವಭಾವ. ಇನ್ನೂ ಒಂದು ಸಂಗತಿ ಕೇಳಿದರೆ ನಿಮಗೆ ಕೋಪ ಬಂದೀತು. ವಿಸ್ಟಾದ ಪ್ರಶ್ನೆಗಳ ಬಗ್ಗೆ ಲೋಕವೆಲ್ಲ ಗೊಣಗುತ್ತಿದ್ದಾಗ, 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು, ಬಳಕೆದಾರರಿಗೆ ಕಿರಿಕಿರಿಯಾಗಲೆಂದೇ ಇದನ್ನು ಮಾಡಿದ್ದು ಎಂದು ಒಪ್ಪಿಕೊಂಡರು. ಗ್ರಾಹಕರ ಗೊಣಗಾಟ ಕೇಳಿ ತಂತ್ರಾಂಶ ಬರೆಯುವವರು, ಬೇಕಿಲ್ಲದ ಕಡೆ ಪೂರ್ಣಾಧಿಕಾರ ಕೇಳುವ ಚಾಳಿಯನ್ನು ಬಿಡಲಿ ಎಂಬುದು ಅವರ ಲೆಕ್ಕಾಚಾರ.

ಮಾವ: ಅಂದರೆ ಯಾರನ್ನೋ ತಿದ್ದುವುದಕ್ಕಾಗಿ ನನ್ನನ್ನು ಪೀಡಿಸಿದರು.

ಅಳಿಯ: ಹೌದು, ಅದು ತಪ್ಪೆಂದೇ ನಾನೂ ಹೇಳುತ್ತೇನೆ. ಆದರೆ ತಕ್ಕಮಟ್ಟಿಗೆ ಫಲಿಸಿತೆಂಬುದನ್ನೂ ಹೇಳಬೇಕು. ಈಚಿನ ವರ್ಷಗಳಲ್ಲಿ ಬರೆದ ತಂತ್ರಾಂಶಗಳಲ್ಲಿ ಬಹುಪಾಲು, ಸ್ಥಾಪಿಸುವಾಗ ಒಮ್ಮೆ ಕೇಳಿ ಆಮೇಲೆ ಸುಮ್ಮನಿರುತ್ತವೆ. ನಿಮ್ಮ ಯಂತ್ರ ಇಷ್ಟು ಕೇಳುತ್ತಿದೆಯೆಂದರೆ ಅದಕ್ಕೆ ನಿರ್ದಿಷ್ಟ ಕಾರಣಗಳಿರಲೇಬೇಕು. ಈಗ ಲೆಕ್ಕದ ತಂತ್ರಾಂಶವನ್ನು ತೆರೆಯಿರಿ. ಒತ್ತಬೇಡಿ, ಚೌಕವನ್ನು ಸಾವಧಾನವಾಗಿ ಓದೋಣ. ಹಳದಿ ಪಟ್ಟಿ ಎಂದರೆ ಇದನ್ನು ಬರೆದವರ ಸಹಿ ಇಲ್ಲವೆಂದರ್ಥ. ಪ್ರಕಾಶಕರು ಎಂಬಲ್ಲಿ ಅಜ್ಞಾತ ಎಂದಿದೆ. ಸಹಿಯಿದ್ದು ಅದು ತಾಳೆಯಾದರೆ ಪಟ್ಟಿ ನೀಲಿಯಾಗಿ, ಸಂಸ್ಥೆಯ ಹೆಸರು ಕಾಣುತ್ತದೆ. ಕೆಳಗೆ ಹೆಚ್ಚಿನ ವಿವರ ಎಂಬುದನ್ನು ಒತ್ತಿದರೆ ಈ ಕಡತ ಇರುವ ಜಾಗ ಕಾಣುತ್ತದೆ. ಪ್ರೋಗ್ರಾಮ್ ಫೈಲ್ಸಿನೊಳಗೆ ನಿಮ್ಮ ಲೆಕ್ಕದ ತಂತ್ರಾಂಶದ ಹೆಸರಿನ ಕೋಶ. ಇದೇ ಜಾಗದಲ್ಲಿ ಟೆಂಪ್ ಎಂದೋ ಡೌನ್‌ಲೋಡ್ಸ್ ಎಂದೋ ಇದ್ದು, ನೀವಾಗಿ ಏನನ್ನೂ ಸ್ಥಾಪಿಸಹೊರಡದಿದ್ದ ಪಕ್ಷದಲ್ಲಿ, ಬೇಡವೆಂಬುದನ್ನು ಒತ್ತತಕ್ಕದ್ದು. ಇಲ್ಲಿ ಹಾಗಿಲ್ಲ. ಈಗ ಇದರ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ಗುಣಗಳ ಪಟ್ಟಿಯನ್ನು ನೋಡೋಣ. ಇಗೋ, ಸದಾ ಆಡಳಿತಾಧಿಕಾರಿಯಾಗಿಯೇ ಓಡಿಸು ಎಂಬ ಕಡೆ ಗುರುತು ಹಾಕಿದ್ದಾರೆ.

ಮಾವ: ಅಂಗಡಿಯ ಹುಡುಗ ಹಾಕಿರಬೇಕು. ಲೆಕ್ಕ ಉಳಿಯುತ್ತಿಲ್ಲವೆಂದು ನಾನು ಹೇಳಿದಾಗ ಏನೋ ಮಾಡಿ ಸರಿಪಡಿಸಿದ.

ಅಳಿಯ: ಕಾರಣ ಸ್ಪಷ್ಟವಾಯಿತು. ಎಕ್ಸ್‌ಪಿಯ ಕಾಲದಲ್ಲಿ ಬರೆದ ಈ ತಂತ್ರಾಂಶ ಲೆಕ್ಕದ ಕಡತಗಳನ್ನೂ ತನ್ನದೇ ಕೋಶದೊಳಗೆ ಇಡುತ್ತಿದೆ. ಪ್ರೋಗ್ರಾಮ್ ಫೈಲ್ಸಿನೊಳಗೆ ಬರೆಯುವುದಕ್ಕೆ ಈಗ ಪೂರ್ಣಾಧಿಕಾರ ಬೇಕು. ಲೆಕ್ಕದ ಕಡತಗಳನ್ನು ನಿಮ್ಮ ಡಾಕ್ಯುಮೆಂಟ್ಸಿಗೆ ಸಾಗಿಸಿ, ಹೊಸ ಜಾಗವನ್ನು ತಂತ್ರಾಂಶಕ್ಕೆ ತೋರಿಸಿ, ಆ ಗುರುತನ್ನು ತೆಗೆದುಬಿಟ್ಟರೆ ಪ್ರಶ್ನೆ ಮತ್ತೆ ಬರುವುದಿಲ್ಲ. ಪ್ರಿಂಟರಿನದು ಇನ್ನೂ ಸುಲಭ. ಯಂತ್ರದೊಡನೆ ತಾನೂ ಎದ್ದು ಹೊಸ ಆವೃತ್ತಿ ಹುಡುಕುವ ಸಹಾಯಕ ತಂತ್ರಾಂಶವೊಂದು ಇದೆ; ಒಮ್ಮೆ ಅದು ಕೇಳುವುದನ್ನು ಪೂರ್ತಿ ಸ್ಥಾಪಿಸಲು ಬಿಟ್ಟು, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಅದನ್ನು ನಿಲ್ಲಿಸಿದರೆ ಸಾಕು. ಇನ್ನು ಮೂಲೆಯಿಂದ ಇಣುಕುವವು. ನಿಮ್ಮ ಕಂಪ್ಯೂಟರಿಗೆ ಐದು ವೈರಸ್ ತಗುಲಿವೆ ಎಂದು ಕೆಂಪಕ್ಷರದಲ್ಲಿ ಬರುವ ಇದನ್ನು ನೋಡಿ. ಇದು ಎಚ್ಚರಿಕೆಯೇ ಅಲ್ಲ. ಎಂದೋ ಒಂದು ಜಾಲತಾಣ ಸೂಚನೆ ಕಳುಹಿಸಲೇ ಎಂದು ಕೇಳಿದಾಗ ನೀವು ಆಗಲಿ ಎಂದಿರಿ. ಅಂದಿನಿಂದ ಎಚ್ಚರಿಕೆಯ ವೇಷ ಹಾಕಿ ಜಾಹೀರಾತು ಬರುತ್ತಿದೆ. ಬ್ರೌಸರಿನಲ್ಲಿ ಸೂಚನೆಗಳ ಪಟ್ಟಿ ತೆರೆದು ಇಂಥವನ್ನೆಲ್ಲ ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕು.

ಮಾವ: ಹೀಗೆ ವಿಂಗಡಿಸಿ ತೋರಿಸಿದವರು ಇದುವರೆಗೆ ಯಾರೂ ಇರಲಿಲ್ಲ. ಎಲ್ಲವೂ ಒಂದೇ ಬಗೆಯ ಕಾಟವೆಂದು ತಿಳಿದಿದ್ದೆ.

ಅಳಿಯ: ಕಾಟವೆಂದು ಎಲ್ಲವನ್ನೂ ಒಟ್ಟಿಗೆ ಆರಿಸಿದಾಗ ಅಳಿದುಹೋಗುವುದು ಬಹುಮಟ್ಟಿಗೆ ಬೇಕಾದ ಎಚ್ಚರಿಕೆಯೇ. ಹೀಗೆ ಆರಿಸಿರೆಂದು ಬೋಧಿಸುವವರ ಮೇಲೆ ನನಗಿರುವ ಸಿಟ್ಟನ್ನು ಮುಚ್ಚಿಡಲಾರೆ. ಹಣ ಕೊಡದೆ ಕದ್ದ ತಂತ್ರಾಂಶವನ್ನು ಹಂಚುವವರು ಮೊದಲನೆಯ ಸೂಚನೆಯಾಗಿಯೇ ನಿಮ್ಮ ಆಂಟಿವೈರಸ್ಸನ್ನು ಆರಿಸಿರಿ ಎಂದು ಬರೆಯುತ್ತಾರೆ. ಅವರಿಂದ ಬೇರೇನನ್ನೂ ನಿರೀಕ್ಷಿಸುವಂತಿಲ್ಲ. ಆದರೆ ಗೌರವಸ್ಥ ಕಚೇರಿಗಳ ತಂತ್ರಾಂಶ ಬರೆಯುವವರೂ, ತಮ್ಮ ಕೆಲಸದ ಲೋಪವನ್ನು ತಿದ್ದುವ ಬದಲು, ರಕ್ಷಣೆಯ ಮಟ್ಟ ಇಳಿಸಿಕೊಳ್ಳಿರೆಂದು ಬಳಕೆದಾರನಿಗೆ ಸಲಹೆ ಕೊಡುವುದನ್ನು ಕಂಡಿದ್ದೇನೆ. ಒಂದು ದಿನದ ಅನುಕೂಲಕ್ಕಾಗಿ ಇಳಿಸಿದ ಆ ಮಟ್ಟವನ್ನು ಮತ್ತೆ ಏರಿಸಲು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಮಾವ: ಸರಿ. ಹೀಗೆ ಎಲ್ಲವನ್ನೂ ಶುದ್ಧಮಾಡಿಟ್ಟೆವೆನ್ನು. ಆಮೇಲೆ ಅಪರೂಪಕ್ಕೊಮ್ಮೆ ಬರುವ ಪ್ರಶ್ನೆಗೆ ನಾನು ಓದಿ ಉತ್ತರ ಹೇಳಿದರೆ ಪೂರ್ಣ ರಕ್ಷಣೆ ದೊರೆಯುತ್ತದೆಯೋ?

ಅಳಿಯ: ದೊರೆಯುವುದಿಲ್ಲ. ನಿಮ್ಮ ಲೆಕ್ಕಪತ್ರ, ನಿಮ್ಮ ಮೊಮ್ಮಕ್ಕಳ ಭಾವಚಿತ್ರ, ಇವೆಲ್ಲ ನಿಮ್ಮ ಸಾಮಾನ್ಯ ಅಧಿಕಾರಕ್ಕೇ ಒಳಪಟ್ಟವು. ಅವನ್ನು ಕೆಡಿಸುವುದಕ್ಕೆ ಪೂರ್ಣಾಧಿಕಾರ ಬೇಕಾಗಿಯೇ ಇಲ್ಲವಾದ ಕಾರಣ ಈ ಚೌಕ ಮೂಡದೆಯೂ ಅವು ಹಾಳಾಗಬಹುದು. 2000ದ ಮೇ 4ರಂದು ಫಿಲಿಪೀನ್ಸಿನಿಂದ ಹೊರಟು ಲೋಕವನ್ನೆಲ್ಲ ಸುತ್ತಿದ, ಪ್ರೇಮಪತ್ರದ ಹೆಸರಿನ ಇ-ಮೇಲ್ ಲಗತ್ತಾಗಿ ಬಂದ, ಹುಳುವೆಂಬ ಬಗೆಯ ದುಷ್ಟ ತಂತ್ರಾಂಶ ಮಾಡಿದ್ದು ಹೀಗೆಯೇ. ಅದರ ಹೆಸರಿನ ಕೊನೆಗೆ ಟಿ.ಎಕ್ಸ್.ಟಿ. ಎಂದಿದ್ದು, ಅದರ ಮುಂದೆ ವಿ.ಬಿ.ಎಸ್. ಎಂಬ ನಿಜವಾದ ಬಾಲ ಇತ್ತು. ವಿಂಡೋಸು ಗೊತ್ತಿರುವ ಬಾಲಗಳನ್ನು ತೋರಿಸದೆ ಮರೆಮಾಡುತ್ತಿದ್ದುದರಿಂದ, ಬರಿಯ ಪತ್ರವೆಂದು ಭ್ರಮಿಸಿ ತೆರೆದವರ ಚಿತ್ರದ ಕಡತಗಳ ಮೇಲೆ ತನ್ನನ್ನೇ ಬರೆದುಕೊಂಡು, ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ಕಳುಹಿಸಿಕೊಂಡಿತು. ವಿಂಡೋಸು ಆ ಬಾಲಗಳನ್ನು ಇಂದಿಗೂ ತಾನಾಗಿ ತೋರಿಸುವುದಿಲ್ಲ. ಆದಕಾರಣ ಕಡತಗಳ ಪೂರ್ಣನಾಮವನ್ನು ತೋರಿಸುವ ವ್ಯವಸ್ಥೆಯನ್ನು ಈಗ ಹಾಕಿಕೊಡುತ್ತೇನೆ. ಹಾಗೆಯೇ ಲೆಕ್ಕವನ್ನೂ ಚಿತ್ರಗಳನ್ನೂ ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಚ್ಚಿಡಬೇಕು. ಹಣಕ್ಕಾಗಿ ಕಡತಗಳಿಗೆ ಬೀಗ ಜಡಿಯುವ ತಂತ್ರಾಂಶಗಳು ಯಂತ್ರದೊಳಗೆ ವಿಂಡೋಸು ಇಟ್ಟುಕೊಂಡ ಹಿಂದಿನ ನಕಲುಗಳನ್ನೂ ಅಳಿಸಲು ಯತ್ನಿಸುತ್ತವೆ; ಆ ಅಳಿಸುವಿಕೆಗೆ ಪೂರ್ಣಾಧಿಕಾರ ಬೇಕು, ಅಂದರೆ ಅಲ್ಲಿ ಮತ್ತೆ ಈ ಚೌಕ ನಿಮ್ಮ ನೆರವಿಗೆ ಬರುತ್ತದೆ.

ಮಾವ: ಇಷ್ಟಾದರೂ ನನ್ನ ಮನಸ್ಸು ಒಂದೆಡೆ ಅಳುಕುತ್ತಲೇ ಇದೆ. ನನಗೆ ವಯಸ್ಸಾಯಿತು. ಮುಂದೊಂದು ದಿನ ಕಣ್ಣು ಮಂಜಾಗಿಯೋ, ಅವಸರದಲ್ಲಿಯೋ ತಪ್ಪು ಗುಂಡಿಯನ್ನು ಒತ್ತಿದರೆ? ಪ್ರಶ್ನೆಯನ್ನು ನನ್ನ ತನಕ ತಾರದೆಯೇ ಇರುವ ಉಪಾಯ ನಿಜವಾಗಿಯೂ ಇಲ್ಲವೆ?

ಅಳಿಯ: ಇದೆ, ಮಾವ. ಪ್ರಶ್ನೆಯನ್ನು ನಿಲ್ಲಿಸುವುದು ತಪ್ಪೆಂದು ನಾನು ಹೇಳಲಿಲ್ಲ. ನಿಲ್ಲಿಸಿದಾಗ ಅದರ ಜಾಗದಲ್ಲಿ ಉಳಿಯುವ ಉತ್ತರ ಯಾವುದೆಂಬುದು ಮುಖ್ಯ. ಮೈಕ್ರೋಸಾಫ್ಟೇ ತನ್ನ ಆಫೀಸ್ ತಂತ್ರಾಂಶದಲ್ಲಿ ಇದನ್ನು ತಡವಾಗಿ ಕಲಿಯಿತು. ಅಂತರ್ಜಾಲದಿಂದ ಇಳಿಸಿದ ಕಡತದೊಳಗೆ ಮ್ಯಾಕ್ರೋ ಎಂಬ ಆಜ್ಞೆಗಳಿದ್ದರೆ, ಮೊದಲೆಲ್ಲ ಹಳದಿ ಪಟ್ಟಿಯೊಂದನ್ನು ತೋರಿಸಿ, ಸಕ್ರಿಯಗೊಳಿಸುವಿರಾ ಎಂದು ಕೇಳುತ್ತಿತ್ತು. ವಂಚಕರಾದರೋ ಆ ಹಳದಿ ಪಟ್ಟಿಯ ಗುಂಡಿಯನ್ನು ಒತ್ತಿದರೆ ಮಾತ್ರ ಪತ್ರ ಓದಲು ಬರುತ್ತದೆಂದು ಕಡತದೊಳಗೇ ಚಿತ್ರ ಬರೆದು ಕಳುಹಿಸುತ್ತಿದ್ದರು. 2022ರಿಂದ ಈಚೆಗೆ ಅಂಥ ಕಡತಗಳ ಮ್ಯಾಕ್ರೋಗಳನ್ನು ಪ್ರಶ್ನೆಯಿಲ್ಲದೆಯೇ ತಡೆಯಲಾಗುತ್ತಿದೆ. ಅಲ್ಲೂ ಮೌನವೇ, ಆದರೆ ಆ ಮೌನದ ಅರ್ಥ ಬೇಡ ಎಂದು. ನಿಮ್ಮ ಯಂತ್ರಕ್ಕೂ ಇಂಥದೇ ಏರ್ಪಾಡು ಮಾಡಬಹುದು. ನಿಮಗೆ ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಅಧಿಕಾರದ ಒಂದು ಖಾತೆಯನ್ನು ತೆರೆಯುತ್ತೇನೆ; ಪೂರ್ಣಾಧಿಕಾರದ ಖಾತೆ ಬೇರೆಯೇ ಇದ್ದು, ಅದರ ಗುಪ್ತಪದ ಬೇರೆಯಿರುತ್ತದೆ. ಸಾಮಾನ್ಯ ಖಾತೆಯಲ್ಲಿ ಪೂರ್ಣಾಧಿಕಾರವನ್ನು ಯಾವ ತಂತ್ರಾಂಶ ಕೇಳಿದರೂ ನಿಮಗೆ ತೋರಿಸದೆಯೇ ನಿರಾಕರಿಸುವ ನಿಯಮವೊಂದು ವಿಂಡೋಸಿನಲ್ಲಿ ಇದೆ. ಅದನ್ನು ಹಾಕಿದರೆ, ನೀವು ಬಯಸಿದ ನಿಶ್ಶಬ್ದವೇ ದೊರೆಯುತ್ತದೆ. ನಡುವೆ ಬಂದು ಕೇಳುವವರಿಗೆ ಉತ್ತರ ಮಾತ್ರ ಇಲ್ಲ ಎಂದು.

ಮಾವ: ಇದನ್ನು ನೀನು ಮೊದಲೇ ಹೇಳಬೇಕಿತ್ತು.

ಅಳಿಯ: ಮೊದಲೇ ಹೇಳಿದ್ದರೆ ಲೆಕ್ಕದ ತಂತ್ರಾಂಶ ತೆರೆಯದೆ ನಿಂತುಬಿಡುತ್ತಿತ್ತು, ನೀವು ಅಂಗಡಿಯ ಹುಡುಗನನ್ನು ಕರೆಸಿ ಎಲ್ಲವನ್ನೂ ಮತ್ತೆ ಕೆಳಕ್ಕೆ ಎಳೆಸುತ್ತಿದ್ದಿರಿ. ಕಾರಣಗಳನ್ನು ತೆಗೆದ ಮೇಲೆ ಮಾತ್ರ ಈ ನಿರಾಕರಣೆ ಬಾಳುತ್ತದೆ.

ಮಾವ: ಒಪ್ಪಿದೆ. ಗುಂಡಿ ಇದ್ದಲ್ಲೇ ಇರಲಿ, ಸಾಮಾನ್ಯ ಖಾತೆಯನ್ನು ತೆರೆ. ಹೊಸದೇನಾದರೂ ಹಾಕಬೇಕಾದಾಗ ಏನು ಮಾಡಲಿ?

ಅಳಿಯ: ಆ ದಿನ ಪೂರ್ಣಾಧಿಕಾರದ ಖಾತೆಯಿಂದ ಒಳಗೆ ಬಂದು, ನಿಧಾನವಾಗಿ ಓದಿ ಹಾಕಿ, ಹೊರಗೆ ಬನ್ನಿ, ಅನುಮಾನವಿದ್ದರೆ ನನಗೆ ಫೋನು ಮಾಡಿ, ಹೊತ್ತು ನೋಡಬೇಡಿ. ಇನ್ನೊಂದು ಮಾತನ್ನು ಮಾತ್ರ ನೀವೂ ಅತ್ತೆಯೂ ನಿಮ್ಮ ಸಮಿತಿಯವರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ಬ್ಯಾಂಕಿನವನೆಂದೋ ಪೊಲೀಸಿನವನೆಂದೋ ಕಂಪ್ಯೂಟರ್ ಕಂಪನಿಯವನೆಂದೋ ಹೇಳಿಕೊಂಡು ಯಾರಾದರೂ ಫೋನಿನಲ್ಲಿ, ಬಂದಿರುವ ಎಚ್ಚರಿಕೆಯನ್ನು ಲಕ್ಷಿಸಬೇಡಿ, ಆಂಟಿವೈರಸ್ಸನ್ನು ಆರಿಸಿ, ನಾನು ಹೇಳುವ ತಂತ್ರಾಂಶ ಇಳಿಸಿಕೊಂಡು ನಿಮ್ಮ ಪರದೆಯನ್ನು ನನಗೆ ತೋರಿಸಿ ಎಂದರೆ, ಅವನು ಎಷ್ಟು ವಿನಯದಿಂದ ಮಾತಾಡಲಿ, ಎಷ್ಟು ಹೆದರಿಸಲಿ, ಅವನು ವಂಚಕನೆಂದೇ ನಿಶ್ಚಯಿಸಿ ಮರುಮಾತಾಡದೆ ಫೋನು ಇಟ್ಟುಬಿಡಿ. ಒಂದು ವೇಳೆ ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ, ಮರುದಿನಕ್ಕೆ ತಳ್ಳದೆ, ಕೂಡಲೇ 1930ಕ್ಕೆ ಕರೆಮಾಡಿ ದೂರು ಕೊಡಿ. ಕೇಂದ್ರ ಸರ್ಕಾರ ಆ ಸಂಖ್ಯೆಯನ್ನು ಇಟ್ಟಿರುವುದು ಇದಕ್ಕಾಗಿಯೇ.